ಸ್ಪೀಕರ್ ಪೆಟ್ಟಿಗೆಯ ಸ್ಕ್ರೂಗಳು: ಒಂದು ವಿಮರ್ಶೆ

ಮನೆಯಲ್ಲೇ ಸ್ಪೀಕರ್ ಪೆಟ್ಟಿಗೆ ತಯಾರಿಸುವುದನ್ನು ಹೇಳಿಕೊಡುವ ಬರಹಗಳಿಗೂ ವಿಡಿಯೋಗಳಿಗೂ ಈಗ ಬರವಿಲ್ಲ. ಪ್ರೌಢಶಾಲೆಯ ವಿಜ್ಞಾನ ಸಂಘದಿಂದ ಹಿಡಿದು ಪದವಿ ತರಗತಿಯ ಪ್ರಾಜೆಕ್ಟಿನವರೆಗೆ ವಿದ್ಯಾರ್ಥಿಗಳು ಇದನ್ನು ಆರಿಸಿಕೊಳ್ಳುತ್ತಾರೆ. ಆಯ್ಕೆ ಒಳ್ಳೆಯದೇ. ಧ್ವನಿ, ಅನುರಣನ, ವಿದ್ಯುತ್ಕಾಂತತೆ, ಅನಿಲಗಳ ಒತ್ತಡ, ವಸ್ತುಗಳ ಗುಣ ಇಷ್ಟೂ ಪಾಠಗಳು ಒಂದೇ ಪೆಟ್ಟಿಗೆಯಲ್ಲಿ ಸಿಗುವುದು ಅಪರೂಪ. ಆದರೆ ಈ ಬರಹಗಳನ್ನು ಸಾಲಾಗಿ ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಪೆಟ್ಟಿಗೆಯ ಘನಗಾತ್ರ, ಡ್ರೈವರ್‌ನ ಆಯ್ಕೆ, ಕ್ರಾಸ್‌ಓವರ್ ಮಂಡಲ ಇವಕ್ಕೆಲ್ಲ ಪುಟಗಟ್ಟಲೆ ವಿವರಣೆ ಇರುತ್ತದೆ. ಕೊನೆಯಲ್ಲಿ ‘ಡ್ರೈವರನ್ನು ಒಳ್ಳೆಯ ಸ್ಕ್ರೂಗಳಿಂದ ಬಲವಾಗಿ ಬಿಗಿಯಿರಿ’ ಎಂಬ ಒಂದು ಸಾಲು ಬರುತ್ತದೆ. ಯಾವ ಸ್ಕ್ರೂ? ಎಷ್ಟು ಬಿಗಿ? ಏಕೆ? ಈ ಪ್ರಶ್ನೆಗಳಿಗೆ ಸಾಮಾನ್ಯವಾಗಿ ಉತ್ತರವಿರುವುದಿಲ್ಲ. ಉತ್ತರ ಇರುವಲ್ಲಿಯೂ ಅದು ಯಾರೋ ಹೇಳಿದ್ದನ್ನು ಮತ್ತೆ ಹೇಳಿದ್ದಾಗಿರುತ್ತದೆ. ಲೆಕ್ಕ ಹಾಕಿ ಹೇಳಿದ್ದು ಕಡಿಮೆ.

ಆ ಒಂದು ಸಾಲನ್ನು ಮತ್ತು ಅದರ ಸುತ್ತ ಬೆಳೆದಿರುವ ನಂಬಿಕೆಗಳನ್ನು ಭೌತವಿಜ್ಞಾನದ ಒರೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಇದಕ್ಕೆ ಪಿಯುಸಿ ಮಟ್ಟದ ಗಣಿತ ಸಾಕು.

ಸ್ಕ್ರೂ ತಡೆಯಬೇಕಾದ ಬಲ ಎಷ್ಟು?

ಒಂದು ನಿರ್ದಿಷ್ಟ ಉದಾಹರಣೆ ತೆಗೆದುಕೊಳ್ಳೋಣ. ಸುಮಾರು 165 ಮಿ.ಮೀ. ವ್ಯಾಸದ, ಅಂದರೆ ಅಂಗಡಿಯಲ್ಲಿ ಆರೂವರೆ ಇಂಚು ಎಂದು ಕೇಳುವ ವೂಫರ್. ಅದರ ಶಂಕು, ಸುರುಳಿ ಮುಂತಾದ ಚಲಿಸುವ ಭಾಗಗಳ ರಾಶಿ 15 ಗ್ರಾಂ ಇರಲಿ. 40 ಹರ್ಟ್ಸ್ ಆವೃತ್ತಿಯಲ್ಲಿ ಶಂಕು ಮುಂದಕ್ಕೆ 5 ಮಿ.ಮೀ., ಹಿಂದಕ್ಕೆ 5 ಮಿ.ಮೀ. ಚಲಿಸುತ್ತಿದೆ ಎನ್ನಿ. ಸರಳ ಸಂಗತ ಚಲನೆಯಲ್ಲಿ ಗರಿಷ್ಠ ವೇಗೋತ್ಕರ್ಷವೆಂದರೆ ಕೋನೀಯ ಆವೃತ್ತಿಯ ವರ್ಗವನ್ನು ಪಾರದಿಂದ ಗುಣಿಸಿದ್ದು. ಇಲ್ಲಿ ಅದು ಸೆಕೆಂಡಿನ ವರ್ಗಕ್ಕೆ ಸುಮಾರು 316 ಮೀಟರ್, ಅಂದರೆ ಗುರುತ್ವ ವೇಗೋತ್ಕರ್ಷದ 32 ಪಟ್ಟು. ಸಂಖ್ಯೆ ದೊಡ್ಡದೇ. ಆದರೆ ರಾಶಿ ಕೇವಲ 15 ಗ್ರಾಂ ಆದ್ದರಿಂದ ಬಲ 4.7 ನ್ಯೂಟನ್ ಮಾತ್ರ. ನ್ಯೂಟನ್ನನ ಮೂರನೆಯ ನಿಯಮದಂತೆ ಡ್ರೈವರ್‌ನ ಚೌಕಟ್ಟಿನ ಮೇಲೆ ಬೀಳುವ ಪ್ರತಿಕ್ರಿಯೆಯೂ ಅಷ್ಟೇ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನ ತೂಕ! ಇದಕ್ಕೆ ಡ್ರೈವರ್‌ನ ಸ್ವಂತ ತೂಕವನ್ನು, 2 ಕಿ.ಗ್ರಾಂ.ಗೆ ಸುಮಾರು 20 ನ್ಯೂಟನ್‌ನಂತೆ, ಸೇರಿಸಿದರೂ ಒಟ್ಟು 25 ನ್ಯೂಟನ್ ದಾಟುವುದಿಲ್ಲ.

ಈಗ ಸ್ಕ್ರೂಗಳ ಕಡೆಗೆ ನೋಡೋಣ. 4 ಮಿ.ಮೀ. ವ್ಯಾಸದ ಮೆಷಿನ್ ಸ್ಕ್ರೂವನ್ನು, ಅಂದರೆ ಎಂ-4 ಅನ್ನು, ಅರ್ಧ ನ್ಯೂಟನ್-ಮೀಟರ್ ಟಾರ್ಕ್‌ನಿಂದ ಬಿಗಿದೆವು ಎನ್ನಿ. 10 ಸೆಂ.ಮೀ. ಉದ್ದದ ಕೀಲಿಯ ತುದಿಯನ್ನು ಅರ್ಧ ಕಿ.ಗ್ರಾಂ. ತೂಕದಷ್ಟು ಬಲದಿಂದ ತಳ್ಳಿದರೆ ಇಷ್ಟು ಟಾರ್ಕ್ ಸಿಗುತ್ತದೆ. ಎರಡು ಬೆರಳಿನ ಕೆಲಸ. ಎಂಜಿನಿಯರುಗಳು ಬಳಸುವ ಸರಳ ಅಂದಾಜಿನ ಪ್ರಕಾರ ಬಿಗಿತದ ಬಲವೆಂದರೆ ಟಾರ್ಕನ್ನು ವ್ಯಾಸದ ಐದನೆಯ ಒಂದು ಭಾಗದಿಂದ ಭಾಗಿಸಿದ್ದು. ಹೀಗೆ ಪ್ರತಿ ಸ್ಕ್ರೂವಿಗೆ 625 ನ್ಯೂಟನ್, ನಾಲ್ಕಕ್ಕೆ 2,500 ನ್ಯೂಟನ್ ಆಗುತ್ತದೆ. ಘರ್ಷಣೆಯನ್ನು ಅವಲಂಬಿಸಿ ಈ ಅಂದಾಜು ಹೆಚ್ಚುಕಡಿಮೆಯಾಗಬಹುದು. ಆದರೂ ಬೇಕಾದದ್ದಕ್ಕಿಂತ ನೂರು ಪಟ್ಟು ಬಲ ಎರಡು ಬೆರಳಿನ ಬಿಗಿತದಲ್ಲೇ ಸಿಕ್ಕಿದೆ.

ಅಂದಮೇಲೆ ‘ದಪ್ಪ ಸ್ಕ್ರೂ ಹಾಕಿ, ಇನ್ನಷ್ಟು ಬಿಗಿಯಿರಿ’ ಎಂಬ ಸಲಹೆಗೆ ಆಧಾರವೇನು? ಆಧಾರವಿಲ್ಲದಿದ್ದರೆ ಹೋಗಲಿ, ಅದರಿಂದ ಹಾನಿಯೂ ಇದೆ. ಅಗ್ಗದ ಡ್ರೈವರ್‌ಗಳ ಚೌಕಟ್ಟು ತೆಳುವಾದ ಉಕ್ಕಿನ ತಗಡನ್ನು ಒತ್ತಿ ಮಾಡಿದ್ದು. ಸುರುಳಿ ಮತ್ತು ಕಾಂತದ ನಡುವಿನ ತೆರಪು ಮಿಲಿಮೀಟರಿನ ಒಂದು ಭಾಗವಷ್ಟೆ. ಒಂದು ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ಚೌಕಟ್ಟು ತಿರುಚಿಕೊಂಡು ಸುರುಳಿ ಕಾಂತಕ್ಕೆ ಉಜ್ಜಬಹುದು. ಆಗ ಬರುವ ಕರಕರ ಸದ್ದಿಗೆ ಆಂಪ್ಲಿಫೈಯರನ್ನು ದೂರುವವರೇ ಹೆಚ್ಚು. ಕಾರಿನ ಚಕ್ರದ ನಟ್ಟುಗಳನ್ನು ಮೆಕ್ಯಾನಿಕ್ ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯುವುದನ್ನು ನೋಡಿದ್ದೀರಲ್ಲವೆ? ಇಲ್ಲಿಯೂ ಅದೇ ಕ್ರಮ ಬೇಕು.

ಗಾಳಿಗೆ ಬೇಲಿ

ಬಲಕ್ಕಾಗಿ ಅಲ್ಲವೆಂದರೆ ಸ್ಕ್ರೂ ಇರುವುದು ಯಾವುದಕ್ಕೆ? ಮುಖ್ಯವಾಗಿ, ಗಾಳಿ ಸೋರದಂತೆ ಸಮನಾಗಿ ಅದುಮಿ ಹಿಡಿಯಲು. ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸುವ ಮುಚ್ಚಿದ ಪೆಟ್ಟಿಗೆಯನ್ನು ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಮಾರುಕಟ್ಟೆಗೆ ತಂದರು. ಆ ಸ್ಪ್ರಿಂಗು ಕೆಲಸ ಮಾಡಬೇಕಾದರೆ ಗಾಳಿ ಒಳಗೇ ಇರಬೇಕು.

ನಮ್ಮ ವೂಫರನ್ನು 20 ಲೀಟರಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸೋಣ. ಶಂಕುವಿನ ಕಾರ್ಯಕಾರಿ ವಿಸ್ತೀರ್ಣ 133 ಚದರ ಸೆಂ.ಮೀ. ಆದರೆ 5 ಮಿ.ಮೀ. ಒಳಸರಿದಾಗ ಗಾಳಿಯ ಗಾತ್ರ 66 ಘನ ಸೆಂ.ಮೀ.ನಷ್ಟು ಕುಗ್ಗುತ್ತದೆ. ಇದು ಒಟ್ಟು ಗಾತ್ರದ ಶೇಕಡ 0.33. ಶಾಖ ವಿನಿಮಯವಿಲ್ಲದ ಸಂಕೋಚನದಲ್ಲಿ ಒತ್ತಡದ ಏರಿಕೆ ಇದರ 1.4 ಪಟ್ಟು, ಅಂದರೆ ಸುಮಾರು 470 ಪಾಸ್ಕಲ್. ಸಮುದ್ರಮಟ್ಟದಲ್ಲಿರುವ ಮಂಗಳೂರಿಗೆ ಈ ಲೆಕ್ಕ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಹತ್ತನೆಯ ಒಂದು ಭಾಗದಷ್ಟು ಕಡಿಮೆಯಾದ್ದರಿಂದ ಏರಿಕೆಯೂ ಅಷ್ಟು ಕಡಿಮೆ. ಪೆಟ್ಟಿಗೆಯ ಹಿಂಬದಿಯ ಹಲಗೆ 36 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲ ಇದ್ದರೆ ಅದರ ಮೇಲೆ 37 ನ್ಯೂಟನ್ ಬಲ ಬೀಳುತ್ತದೆ. ಒಮ್ಮೆ ಹೊರಕ್ಕೆ, ಒಮ್ಮೆ ಒಳಕ್ಕೆ, ಹೀಗೆ ಸೆಕೆಂಡಿಗೆ 40 ಸಲ.

ಈ ಹಲಗೆಯನ್ನು ಬಿಚ್ಚಿ ಹಾಕುವಂತೆ ಮಾಡಿ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಸಾಕು ಎನ್ನುವುದುಂಟು. ಹಲಗೆ ಕಿತ್ತುಬರುವುದಿಲ್ಲ, ನಿಜ. ಆದರೆ ಎರಡು ಸ್ಕ್ರೂಗಳ ನಡುವಿನ ಅಂಚು ತೊಲೆಯಂತೆ ಬಾಗುತ್ತದೆ. ಸಮನಾಗಿ ಹರಡಿದ ಹೊರೆಗೆ ತೊಲೆಯ ಬಾಗು ಅದರ ಉದ್ದದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಸ್ಕ್ರೂಗಳ ಅಂತರವನ್ನು ಅರ್ಧ ಮಾಡಿದರೆ ಬಾಗು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ನಾಲ್ಕು ದಪ್ಪ ಸ್ಕ್ರೂಗಳಿಗಿಂತ ಎಂಟು ಸಣ್ಣ ಸ್ಕ್ರೂಗಳು ಮೇಲು. ಅಂಚಿನುದ್ದಕ್ಕೂ ಮೃದುವಾದ ಫೋಮ್ ಗ್ಯಾಸ್ಕೆಟ್ ಇದ್ದರೆ ಇನ್ನೂ ಮೇಲು. ಗ್ಯಾಸ್ಕೆಟ್ ಬದಲು ಸಿಲಿಕೋನ್ ಅಂಟು ಬಳಿಯಿರಿ ಎನ್ನುವವರೂ ಇದ್ದಾರೆ. ಅದು ಸೋರಿಕೆಯನ್ನು ತಡೆಯುತ್ತದೆ, ಮುಂದೆ ಡ್ರೈವರನ್ನು ಬಿಚ್ಚುವುದನ್ನೂ ತಡೆಯುತ್ತದೆ!

ಹಾಗೆಂದು ಸೋರಿಕೆಯ ಭಯವನ್ನು ಉಬ್ಬಿಸುವುದೂ ಸರಿಯಲ್ಲ. ‘ಒಂದು ಸ್ಕ್ರೂ ರಂಧ್ರ ತೆರೆದಿದ್ದರೆ ಬಾಸ್ ಎಲ್ಲ ಹೋಯಿತು’ ಎಂಬ ಮಾತಿದೆ. 18 ಮಿ.ಮೀ. ಹಲಗೆಯಲ್ಲಿನ 4 ಮಿ.ಮೀ. ವ್ಯಾಸದ ರಂಧ್ರ 20 ಲೀಟರ್ ಗಾಳಿಯೊಡನೆ ಹೆಲ್ಮ್‌ಹೋಲ್ಟ್ಸ್ ಅನುರಣಕವಾಗುತ್ತದೆ. ಅದರ ಆವೃತ್ತಿ ಲೆಕ್ಕ ಹಾಕಿದರೆ ಸುಮಾರು 9 ಹರ್ಟ್ಸ್. ನಾವು ಕೇಳುವ ಬಾಸ್‌ಗಿಂತ ಇದು ಬಹಳ ಕೆಳಗೆ. ಅಂಥ ಒಂದೇ ರಂಧ್ರದಿಂದ ಬಾಸ್ ಕುಸಿಯುವುದಿಲ್ಲ. ತೊಂದರೆ ಬೇರೆಯದು. 470 ಪಾಸ್ಕಲ್ ಒತ್ತಡಕ್ಕೆ ಬರ್ನೂಲಿ ನಿಯಮದಂತೆ ಗಾಳಿ ಸೆಕೆಂಡಿಗೆ 28 ಮೀಟರ್ ವೇಗದವರೆಗೆ ಚಿಮ್ಮಬಲ್ಲದು. ಎಂದರೆ ಗಂಟೆಗೆ 100 ಕಿ.ಮೀ.! ಬಾಸ್ ಬಡಿತದ ಜೊತೆಗೆ ಕೇಳಿಬರುವ ‘ಫುಸ್‌ಫುಸ್’ ಸದ್ದಿನ ಮೂಲ ಇದು. ಒಂದು ರಂಧ್ರದ ಮಾತು ಹೀಗಾದರೆ, ಟರ್ಮಿನಲ್ ಬಟ್ಟಲು, ಹಿಂಬದಿಯ ಹಲಗೆ, ಡ್ರೈವರ್‌ನ ಅಂಚು ಎಲ್ಲ ಕಡೆಯಿಂದ ಸೋರಿದಾಗ ನಷ್ಟ ಕೂಡುತ್ತ ಹೋಗುತ್ತದೆ. ಆಸ್ಟ್ರೇಲಿಯದಲ್ಲಿ ನೆವಿಲ್ ಥೀಲ್ 1961ರಲ್ಲಿ ಆರಂಭಿಸಿದ ಪೆಟ್ಟಿಗೆಯ ಗಣಿತವನ್ನು 1972-73ರಲ್ಲಿ ವಿಸ್ತರಿಸಿದ ರಿಚರ್ಡ್ ಸ್ಮಾಲ್, ಕಂಡಿಯುಳ್ಳ ಪೆಟ್ಟಿಗೆಗಳಲ್ಲಿ ಸೋರಿಕೆಯೇ ಸಾಮಾನ್ಯವಾಗಿ ಪ್ರಧಾನ ನಷ್ಟವೆಂದು ಗುರುತಿಸಿ ಅದಕ್ಕೊಂದು ಗುಣಾಂಕವನ್ನೇ ಇಟ್ಟರು. ಇಂದು ಕಂಪ್ಯೂಟರ್ ತಂತ್ರಾಂಶದಲ್ಲಿ ಈ ಗುಣಾಂಕಕ್ಕೆ ಸಾಮಾನ್ಯವಾಗಿ 7 ಎಂದು ತುಂಬುತ್ತೇವೆ. ನಮ್ಮ ಪೆಟ್ಟಿಗೆ ಆ 7ಕ್ಕೆ ಅರ್ಹವೇ ಎಂಬುದನ್ನು ತೀರ್ಮಾನಿಸುವಲ್ಲಿ ಸ್ಕ್ರೂ ಮತ್ತು ಗ್ಯಾಸ್ಕೆಟ್‌ಗಳ ಪಾಲು ದೊಡ್ಡದು.

ಹಲಗೆಯ ಸ್ವಭಾವ

ಪೆಟ್ಟಿಗೆಗೆ ಹೆಚ್ಚಾಗಿ ಬಳಸುವ ಎಂಡಿಎಫ್ ಹಲಗೆ ಮರದ ನಾರನ್ನು ಅಂಟಿನೊಡನೆ ಬೆರೆಸಿ ಬಿಸಿಯಲ್ಲಿ ಒತ್ತಿದ್ದು. ಅದರ ಎರಡು ಮುಖಗಳು ದಟ್ಟ, ನಡುಭಾಗ ಸಡಿಲ. ತುದಿಯತ್ತ ಚೂಪಾಗುವ ಹಳೆಯ ಮಾದರಿಯ ಮರದ ಸ್ಕ್ರೂವನ್ನು ಅಂಚಿನಿಂದ ಒಳಕ್ಕೆ ತಿರುಗಿಸಿದರೆ ಅದು ಬೆಣೆಯಂತೆ ಹಲಗೆಯನ್ನು ಸೀಳುತ್ತದೆ. ದಿಂಡು ಉದ್ದಕ್ಕೂ ಒಂದೇ ದಪ್ಪವಿರುವ ಸ್ಕ್ರೂವನ್ನು ಆರಿಸಬೇಕು. ಮೊದಲು ದಿಂಡಿನಷ್ಟು ವ್ಯಾಸದ ರಂಧ್ರ ಕೊರೆದು, ಮೂಲೆಯಿಂದ ಕನಿಷ್ಠ 25 ಮಿ.ಮೀ. ದೂರ ಬಿಟ್ಟು ಹಾಕಬೇಕು.

ಹಲಗೆಗಳನ್ನು ಪರಸ್ಪರ ಕೂಡಿಸುವಲ್ಲಿ ‘ಸ್ಕ್ರೂ ಹೆಚ್ಚಿದಷ್ಟೂ ಗಟ್ಟಿ’ ಎಂಬ ನಂಬಿಕೆಯೂ ಬಲವಾಗಿದೆ. ಬಡಗಿಗಳು ದಿನನಿತ್ಯ ಬಳಸುವ ಬಿಳಿ ಅಂಟನ್ನು ಸರಿಯಾಗಿ ಬಳಿದು, ಒತ್ತಿ, ಒಣಗಿಸಿದ ಕೂಡುವಿಕೆಯನ್ನು ಎಳೆದು ಮುರಿದು ನೋಡಿ. ಸಾಮಾನ್ಯವಾಗಿ ಅಂಟು ಬಿಡುವುದಿಲ್ಲ, ಪಕ್ಕದ ಎಂಡಿಎಫ್ ನಾರೇ ಕಿತ್ತುಬರುತ್ತದೆ. ಇಲ್ಲಿ ಸ್ಕ್ರೂವಿನ ಪಾತ್ರ ಅಂಟು ಒಣಗುವ ತನಕ ಹಲಗೆಗಳನ್ನು ಹಿಡಿದಿಡುವುದಷ್ಟೆ. ಕ್ಲ್ಯಾಂಪ್‌ಗಳು ಇರುವವರು ಸ್ಕ್ರೂ ಇಲ್ಲದೆಯೂ ಪೆಟ್ಟಿಗೆ ಕಟ್ಟಬಹುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸ್ಪೀಕರಿಗೆ ಸ್ಕ್ರೂ ಕೊಡಿ’ ಎಂದರೆ ಕಪ್ಪು ಬಣ್ಣದ ಡ್ರೈವಾಲ್ ಸ್ಕ್ರೂ ಕೈಗೆ ಬರುವ ಸಂಭವ ಹೆಚ್ಚು. ಜಿಪ್ಸಮ್ ಹಲಗೆಗೆಂದು ಹುಟ್ಟಿದ ಈ ಸ್ಕ್ರೂ ಗಡಸು ಉಕ್ಕಿನದು. ಹೆಚ್ಚು ತಿರುಚಿದರೆ ಬಾಗದೆ ಪಟ್ಟನೆ ತಲೆ ಮುರಿಯುತ್ತದೆ. ಅದರ ತಲೆಯ ತಳಭಾಗ ತುತ್ತೂರಿಯ ಬಾಯಿಯಂತೆ ಇಳಿಜಾರಾಗಿದೆ. ಡ್ರೈವರ್‌ನ ಚಪ್ಪಟೆ ಚೌಕಟ್ಟಿನ ರಂಧ್ರದಲ್ಲಿ ಅದು ಬೆಣೆಯಾಗಿ ಕೂತು ಚೌಕಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಚಪ್ಪಟೆ ತಳದ ಪ್ಯಾನ್ ಹೆಡ್ ಸ್ಕ್ರೂವೇ ಇಲ್ಲಿಗೆ ತಕ್ಕದ್ದು. ಕರಾವಳಿಯಲ್ಲಿ ಆ ಕಪ್ಪು ಲೇಪನ ತುಕ್ಕಿನ ಎದುರು ಹೆಚ್ಚು ಕಾಲ ನಿಲ್ಲುವುದಿಲ್ಲ. ಅಲ್ಲಿ ಸ್ಟೇನ್‌ಲೆಸ್ ಉಕ್ಕಿಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ, ಡ್ರೈವರನ್ನು ಎಷ್ಟು ಸಲ ಬಿಚ್ಚಬೇಕಾದೀತು ಎಂಬುದು. ಅಂಗಡಿಯಿಂದ ಕೊಂಡ ಸ್ಪೀಕರನ್ನು ಬಹುಶಃ ಎಂದೂ ಬಿಚ್ಚುವುದಿಲ್ಲ. ವಿದ್ಯಾರ್ಥಿ ಕಟ್ಟಿದ ಪೆಟ್ಟಿಗೆಯ ಮಾತು ಬೇರೆ. ಒಳಗೆ ಹತ್ತಿ ಹೆಚ್ಚಿಸಿ ನೋಡಬೇಕು, ಕ್ರಾಸ್‌ಓವರ್ ತಿದ್ದಬೇಕು, ಮತ್ತೆ ಅಳೆಯಬೇಕು. ಎಂಡಿಎಫ್‌ನಲ್ಲಿ ನೇರವಾಗಿ ಹಾಕಿದ ಸ್ಕ್ರೂ ಕೆಲವು ಸಲದ ಬಿಚ್ಚುವಿಕೆಯ ನಂತರ ಹಿಡಿತವಿಲ್ಲದೆ ಸುತ್ತತೊಡಗುತ್ತದೆ. ಪ್ರಯೋಗ ಅಲ್ಲಿಗೆ ಮುಗಿಯಿತು! ಆದ್ದರಿಂದ ಪ್ರಯೋಗಕ್ಕೆಂದು ಕಟ್ಟುವ ಪೆಟ್ಟಿಗೆಗೆ ಲೋಹದ ಥ್ರೆಡ್ ಬೇಕೇ ಬೇಕು.

ಅದಕ್ಕೆ ಎರಡು ದಾರಿಗಳಿವೆ. ಟೀ-ನಟ್ಟನ್ನು ಹಲಗೆಯ ಹಿಂದಿನಿಂದ ಕೂರಿಸುತ್ತಾರೆ. ಸ್ಕ್ರೂ ಬಿಗಿದಷ್ಟೂ ಅದು ಹಲಗೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಓರೆಯಾಗಬಹುದು. ಅಗಲ ವಾಷರ್ ಹಾಕಿದ ಬೋಲ್ಟಿನಿಂದ ಮುಂಬದಿಯಿಂದ ಎಳೆದು, ಹಲ್ಲುಗಳಿಗೆ ಎಪಾಕ್ಸಿ ಸವರಿ ಕೂರಿಸಬೇಕು. ಇಲ್ಲವಾದರೆ ಮುಂದೊಂದು ದಿನ ಸ್ಕ್ರೂ ಹಾಕಲು ಒತ್ತಿದಾಗ ಟೀ-ನಟ್ ಕಳಚಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಎರಡನೆಯದು ಹಿತ್ತಾಳೆಯ ಇನ್ಸರ್ಟ್. ಹೊರಗೂ ಒಳಗೂ ಥ್ರೆಡ್ ಇರುವ ಈ ಪುಟ್ಟ ಕೊಳವೆಯನ್ನು ಮುಂಬದಿಯಿಂದಲೇ ತಿರುಗಿಸಿ ಕೂರಿಸಬಹುದು. ರಂಧ್ರ ಹಲಗೆಯ ಆಚೆಬದಿಗೆ ತೂರಬೇಕಾಗಿಲ್ಲವಾದ್ದರಿಂದ ಅಲ್ಲಿ ಸೋರಿಕೆಯ ಮಾತಿಲ್ಲ. ಕೊರೆದ ರಂಧ್ರ ಕಿರಿದಾದರೆ ಮಾತ್ರ ಹಲಗೆಯ ಮುಖ ಉಬ್ಬುತ್ತದೆ. ತುಂಡು ಹಲಗೆಯಲ್ಲಿ ಮೊದಲು ಪ್ರಯತ್ನಿಸುವುದು ಜಾಣತನ. ಇಂಥ ಥ್ರೆಡ್‌ಗೆ ಆಲನ್ ಕೀ ಹಾಕುವ ಸ್ಕ್ರೂ ಆರಿಸಿದರೆ, ಸ್ಕ್ರೂಡ್ರೈವರ್ ಜಾರಿ ಶಂಕುವನ್ನು ತೂತು ಮಾಡುವ ಅಪಾಯವೂ ತಪ್ಪುತ್ತದೆ.

ಒಂದು ಎಚ್ಚರಿಕೆ: ಎಂಡಿಎಫ್ ಆಗಲಿ ಫೋಮ್ ಆಗಲಿ ನಿರಂತರ ಒತ್ತಡದಲ್ಲಿ ನಿಧಾನವಾಗಿ ಜಗ್ಗುತ್ತದೆ. ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕಟ್ಟಿದ ಕೆಲವು ವಾರಗಳ ನಂತರ ಎಲ್ಲ ಸ್ಕ್ರೂಗಳನ್ನೂ ಒಮ್ಮೆ ಮುಟ್ಟಿ ನೋಡಬೇಕು.

ಹಿತ್ತಾಳೆಯ ಮಹಿಮೆ, ಮೊನೆಗಾಲಿನ ಮಾಯೆ

‘ಉಕ್ಕಿನ ಸ್ಕ್ರೂ ಡ್ರೈವರ್‌ನ ಕಾಂತಕ್ಷೇತ್ರವನ್ನು ಕೆಡಿಸುತ್ತದೆ, ಹಿತ್ತಾಳೆಯದೇ ಬೇಕು’ ಎಂಬ ಮಾತು ದುಬಾರಿ ಸ್ಪೀಕರ್‌ಗಳ ಅಭಿಮಾನಿಗಳಲ್ಲಿ ಚಾಲ್ತಿಯಲ್ಲಿದೆ. ಬಹುಪಾಲು ಡ್ರೈವರ್‌ಗಳ ಚೌಕಟ್ಟೇ ಉಕ್ಕಿನದು. ಕಾಂತದ ಮುಂದೆ, ಹಿಂದೆ ಇರುವ ದಪ್ಪ ಫಲಕಗಳೂ ಉಕ್ಕಿನವೇ. ಸುರುಳಿಯ ತೆರಪಿನಿಂದ ಐದಾರು ಸೆಂ.ಮೀ. ದೂರದಲ್ಲಿರುವ ಒಂದೆರಡು ಗ್ರಾಂನ ಸ್ಕ್ರೂ ಇದರ ಮುಂದೆ ಏನು ಮಾಡೀತು? ಇಲ್ಲಿ ಹಿತ್ತಾಳೆಯಿಂದ ಧ್ವನಿ ಸುಧಾರಿಸುತ್ತದೆ ಎನ್ನುವುದಕ್ಕೆ ಭೌತವಿಜ್ಞಾನದಲ್ಲಿ ನೆಲೆಯಿಲ್ಲ.

ಆದರೆ ಅದೇ ಮಾತು ಪೆಟ್ಟಿಗೆಯೊಳಗೆ ಇನ್ನೊಂದು ಜಾಗದಲ್ಲಿ ನಿಜವಾಗುತ್ತದೆ. ಕ್ರಾಸ್‌ಓವರ್‌ನಲ್ಲಿ ಗಾಳಿಯೇ ತಿರುಳಾಗಿರುವ ಸುರುಳಿಗಳಿರುತ್ತವೆ. ಅಂಥ ಸುರುಳಿಯ ನಡುವೆ ಉಕ್ಕಿನ ಬೋಲ್ಟು ತೂರಿಸಿ ಹಲಗೆಗೆ ಬಿಗಿದರೆ ಅದು ಗಾಳಿತಿರುಳಿನ ಸುರುಳಿಯಾಗಿ ಉಳಿಯುವುದಿಲ್ಲ. ಅದರ ಇಂಡಕ್ಟೆನ್ಸ್ ಬದಲಾಗಿ, ಲೆಕ್ಕ ಹಾಕಿ ಇಟ್ಟ ವಿಭಜನೆಯ ಆವೃತ್ತಿ ಸರಿದುಹೋಗುತ್ತದೆ. ಅಲ್ಲಿ ಹಿತ್ತಾಳೆಯ ಬೋಲ್ಟು ಅಥವಾ ನೈಲಾನ್ ಪಟ್ಟಿ ಅಗತ್ಯ. ಹೊರಗೆ ಕಾಣುವ ಕಡೆ ಹಿತ್ತಾಳೆ ಹಾಕಿ ಒಳಗೆ ಉಕ್ಕು ಬಿಗಿಯುವುದು ಸಲಹೆಯನ್ನು ಅರ್ಥ ಮಾಡಿಕೊಳ್ಳದೆ ಪಾಲಿಸುವುದರ ಫಲ.

ಪೆಟ್ಟಿಗೆಯ ಅಡಿಗೆ ಹಾಕುವ ಲೋಹದ ಮೊನೆಗಾಲುಗಳ ಕಥೆಯೂ ಹೀಗೆಯೇ. ಅವು ಡಯೋಡಿನಂತೆ ಕಂಪನವನ್ನು ಕೆಳಕ್ಕೆ ಮಾತ್ರ ಬಿಡುತ್ತವೆ, ಮೇಲಕ್ಕೆ ಬಿಡುವುದಿಲ್ಲ ಎಂದು ಪ್ರಚಾರ ಮಾಡುವುದುಂಟು. ಗಟ್ಟಿಯಾಗಿ ತಾಗಿರುವ ಎರಡು ವಸ್ತುಗಳ ನಡುವೆ ಸಣ್ಣ ಕಂಪನಗಳು ಎರಡೂ ದಿಕ್ಕಿಗೆ ಸಾಗುತ್ತವೆ. ಮೊನೆಯ ಆಕಾರ ಅದನ್ನು ಬದಲಿಸದು. ದಪ್ಪ ಜಮಖಾನೆಯ ಮೇಲೆ ಪೆಟ್ಟಿಗೆ ಅಲುಗಾಡದಂತೆ ನಿಲ್ಲಿಸುವುದು ಮೊನೆಗಾಲಿನ ನಿಜವಾದ ಉಪಯೋಗ. ನಮ್ಮ ಮನೆಗಳ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲದ ಮೇಲೆ ಅದರಿಂದ ಹಾನಿಯೇ ಹೆಚ್ಚು. 10 ಕಿ.ಗ್ರಾಂ. ಪೆಟ್ಟಿಗೆ ನಾಲ್ಕು ಮೊನೆಗಳ ಮೇಲೆ ನಿಂತರೆ, ಪ್ರತಿ ಮೊನೆ ಒಂದು ಚದರ ಮಿ.ಮೀ. ಎಂದುಕೊಂಡರೂ, ನೆಲದ ಮೇಲಿನ ಒತ್ತಡ ವಾಯುಭಾರದ ಸುಮಾರು 250 ಪಟ್ಟು. ಪೆಟ್ಟಿಗೆಯ ಭಾರಕ್ಕೆ ಒಂದು ಮಿ.ಮೀ. ಕುಗ್ಗುವ ರಬ್ಬರ್ ಕಾಲುಗಳನ್ನು ಹಾಕಿದರೆ ಅವುಗಳ ಅನುರಣನ ಆವೃತ್ತಿ ಸುಮಾರು 16 ಹರ್ಟ್ಸ್. ಅದರ 1.4 ಪಟ್ಟಿಗಿಂತ ಮೇಲಿನ, ಎಂದರೆ ಸುಮಾರು 22 ಹರ್ಟ್ಸ್‌ನಿಂದಾಚೆಯ ಕಂಪನ ನೆಲಕ್ಕೆ ಇಳಿಯುವುದು ತಗ್ಗುತ್ತದೆ. ಬೆಲೆಯಲ್ಲಿಯೂ ರಬ್ಬರೇ ಅಗ್ಗ.

ಬಲ ನಿಜವಾಗಿ ಬೇಕಾದಲ್ಲಿ ಮೌನ

ಈವರೆಗೆ ಬಲ ಮುಖ್ಯವಲ್ಲದ ಕಡೆ ಬಲದ ಉಪದೇಶ ಮಾಡುವ ಬರಹಗಳನ್ನು ನೋಡಿದೆವು. ಬಲವೇ ಪ್ರಾಣವಾಗಿರುವ ಒಂದು ಜಾಗದಲ್ಲಿ ಬಹಳಷ್ಟು ಬರಹಗಳು ಏನನ್ನೂ ಹೇಳುವುದಿಲ್ಲ. ಅದು ಪೆಟ್ಟಿಗೆಯನ್ನು ಎತ್ತರದಲ್ಲಿ ತೂಗುಹಾಕುವ ಜಾಗ. ವಿದ್ಯಾರ್ಥಿಗಳು ಕಟ್ಟಿದ ಒಳ್ಳೆಯ ಸ್ಪೀಕರಿಗೆ ಮುಂದಿನ ನೆಲೆ ಸಾಮಾನ್ಯವಾಗಿ ಶಾಲೆಯ ಸಭಾಂಗಣದ ಗೋಡೆ. ಕೆಳಗೆ ಮಕ್ಕಳು ಕೂರುತ್ತಾರೆ.

10 ಕಿ.ಗ್ರಾಂ. ಪೆಟ್ಟಿಗೆ 3 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 7.7 ಮೀಟರ್, ಚಲನಶಕ್ತಿ ಸುಮಾರು 300 ಜೂಲ್. ಈ ಭಾರವನ್ನು ಎಂಡಿಎಫ್ ಅಂಚಿಗೆ ತಿರುಗಿಸಿದ ಒಂದೆರಡು ಸ್ಕ್ರೂಗಳಿಗೆ ಒಪ್ಪಿಸುವುದು ಅಪರಾಧ. ಮೊದಲ ದಿನ ಅದು ತಡೆಯಬಹುದು. ಆದರೆ ನಾರು ನಿಧಾನವಾಗಿ ಜಗ್ಗುತ್ತದೆ, ತೇವಕ್ಕೆ ಮೆತ್ತಗಾಗುತ್ತದೆ, ಕಂಪನ ದಿನವೂ ಇದ್ದೇ ಇರುತ್ತದೆ. ಇಲ್ಲಿ ಹಲಗೆಯನ್ನು ಪೂರ್ತಿ ತೂರಿಬರುವ ಬೋಲ್ಟು ಬೇಕು. ಒಳಬದಿಯಲ್ಲಿ ಅಗಲವಾದ ವಾಷರ್ ಅಥವಾ ಲೋಹದ ಪಟ್ಟಿ, ಸಡಿಲವಾಗದ ನೈಲಾನ್ ನಟ್ ಬೇಕು. ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ಬದಲು ಗೋಡೆಗೆ ತಕ್ಕ ಆಂಕರ್ ಬೋಲ್ಟ್ ಇರಬೇಕು. ಬಾಯಿ ತೆರೆದ ಕೊಕ್ಕೆಗಳನ್ನು ಬಳಸಲೇಬಾರದು. ಇವೆಲ್ಲದರ ಜೊತೆಗೆ ಪೆಟ್ಟಿಗೆಯಿಂದ ಗೋಡೆಯ ಬೇರೊಂದು ಬೋಲ್ಟಿಗೆ ಉಕ್ಕಿನ ತಂತಿಹಗ್ಗವೊಂದನ್ನು ಪ್ರತ್ಯೇಕವಾಗಿ ಕಟ್ಟಬೇಕು. ಒಂದು ಕೈ ಬಿಟ್ಟರೆ ಇನ್ನೊಂದು ಕೈ ಹಿಡಿಯಬೇಕು. ಹತ್ತು ಪುಟಗಳ ಬರಹದಲ್ಲಿ ಇದಕ್ಕೊಂದು ಪರಿಚ್ಛೇದವೂ ಇಲ್ಲವೆಂದರೆ ಆ ಬರಹ ಅಪೂರ್ಣವೆಂದೇ ಹೇಳಬೇಕಾಗುತ್ತದೆ.

ಶಿಕ್ಷಕರು ಮಾಡಬಹುದಾದದ್ದು

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ತೀರ್ಪುಗಾರರಾದ ನಮ್ಮ ಪಾಲೂ ಇದರಲ್ಲಿದೆ. ಹೊಳೆಯುವ ಲ್ಯಾಮಿನೇಟಿಗೂ ಜೋರಾದ ಸದ್ದಿಗೂ ಅಂಕ ಸಿಗುತ್ತದೆ. ‘ಈ ಸ್ಕ್ರೂವನ್ನೇ ಏಕೆ ಆರಿಸಿದೆ?’ ಎಂದು ಕೇಳುವವರು ಕಡಿಮೆ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಸಿಗ್ನಲ್ ಜನರೇಟರ್, 1 ಕಿಲೋಓಮ್ ರೋಧಕ ಮತ್ತು ವೂಫರನ್ನು ಸರಣಿಯಲ್ಲಿ ಜೋಡಿಸಿ. ರೋಧಕ ದೊಡ್ಡದಾದ್ದರಿಂದ ವಿದ್ಯುತ್ ಪ್ರವಾಹ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ವೂಫರ್‌ನ ಎರಡು ತುದಿಗಳ ನಡುವಿನ ವೋಲ್ಟೇಜು ಅದರ ಇಂಪಿಡೆನ್ಸಿಗೆ ಅನುಪಾತದಲ್ಲಿರುತ್ತದೆ. ಮಿಲಿವೋಲ್ಟ್ ಎಸಿ ಅಳೆಯಬಲ್ಲ ಮಲ್ಟಿಮೀಟರ್ ಅಥವಾ ಆಸಿಲೋಸ್ಕೋಪ್ ಸಾಕು. 20ರಿಂದ 200 ಹರ್ಟ್ಸ್‌ವರೆಗೆ ಆವೃತ್ತಿಯನ್ನು ಹಂತಹಂತವಾಗಿ ಏರಿಸಿ ನಕ್ಷೆ ಬರೆಯಿರಿ. ಪೆಟ್ಟಿಗೆಯ ಅನುರಣನದಲ್ಲಿ ಒಂದು ಶಿಖರ ಕಾಣುತ್ತದೆ. ಈಗ ಡ್ರೈವರ್‌ನ ಎಲ್ಲ ಸ್ಕ್ರೂಗಳನ್ನೂ ಎರಡು ಮೂರು ಸುತ್ತು ಸಡಿಲಿಸಿ ಮತ್ತೆ ಅಳೆಯಿರಿ. ಶಿಖರದ ಎತ್ತರ, ಸ್ಥಾನ ಎರಡೂ ಬದಲಾಗುತ್ತವೆ. ಕೊನೆಗೆ ಬೆರಳಿನ ಬಿಗಿತಕ್ಕೂ ಮುಷ್ಟಿಯ ಬಿಗಿತಕ್ಕೂ ಹೋಲಿಸಿ ನೋಡಿ. ‘ಇನ್ನಷ್ಟು ಬಿಗಿ’ ಎಂಬ ಸಲಹೆಯ ಬೆಲೆ ಎಷ್ಟೆಂಬುದು ನಕ್ಷೆಯಲ್ಲೇ ತಿಳಿಯುತ್ತದೆ.

ಪ್ರಾಜೆಕ್ಟಿನ ವರದಿಯಲ್ಲಿ ಇನ್ನೊಂದು ಸಣ್ಣ ಪಟ್ಟಿಯನ್ನು ಕಡ್ಡಾಯ ಮಾಡಬಹುದು. ಪೆಟ್ಟಿಗೆಯಲ್ಲಿ ಬಳಸಿದ ಪ್ರತಿಯೊಂದು ಸ್ಕ್ರೂ, ಬೋಲ್ಟು, ಕಾಲು, ಕೊಕ್ಕೆಯ ಎದುರಿಗೆ ಮೂರು ಉತ್ತರಗಳು ಇರಲಿ: ಅದರ ಮೇಲೆ ಬೀಳುವ ಬಲ ಎಷ್ಟು, ಯಾವ ದಿಕ್ಕಿಗೆ, ಅದನ್ನು ಎಷ್ಟು ಸಲ ಬಿಚ್ಚಬೇಕಾಗುತ್ತದೆ. ಈ ಮೂರಕ್ಕೆ ಉತ್ತರ ಬರೆಯಬಲ್ಲ ವಿದ್ಯಾರ್ಥಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೈಗೆ ಬಂದದ್ದನ್ನು ತಂದು ಬಿಗಿಯುವುದಿಲ್ಲ. ಸಭಾಂಗಣದ ಗೋಡೆಗೆ ಏರುವ ಪೆಟ್ಟಿಗೆಗಾದರೆ ಈ ಪಟ್ಟಿಯನ್ನು ಶಿಕ್ಷಕರೇ ಓದಿ, ಪ್ರತಿ ಬೋಲ್ಟನ್ನೂ ಮುಟ್ಟಿ ನೋಡಿ, ಆಮೇಲೆ ಒಪ್ಪಿಗೆ ಕೊಡಬೇಕು.